ಜಪಾನಿನ ವಿಡಿಯೋ ಕ್ರೀಡಾಗೃಹಗಳ ಅವನತಿ: ಒಂದು ವಿವೇಚನೆ

1

ಒಂದು ಸಂಸ್ಥೆಯು ಹುಟ್ಟಿದ ಕಾಲವನ್ನು ಗೊತ್ತುಮಾಡುವುದು ಇತಿಹಾಸಕಾರನಿಗೆ ಬಹುಮಟ್ಟಿಗೆ ಸುಲಭ. ಶಾಸನವೋ, ಸನ್ನದೋ, ಪ್ರಾರಂಭೋತ್ಸವದ ವರದಿಯೋ ಎಲ್ಲಿಯಾದರೂ ದೊರೆಯುತ್ತದೆ. ಅದರ ಅವನತಿಯ ಕಾಲವನ್ನು ಗೊತ್ತುಮಾಡುವುದು ಅಷ್ಟು ಸುಲಭವಲ್ಲ. 1565ನೆಯ ಇಸವಿಯ ಯುದ್ಧದೊಡನೆ ವಿಜಯನಗರದ ಕಥೆ ಮುಗಿಯಿತೆಂದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಬರೆಯುತ್ತಾರೆ. ಆದರೆ ಪಾಳುಬಿದ್ದುದು ರಾಜಧಾನಿ, ರಾಜ್ಯವಲ್ಲ. ಅರವೀಡು ಮನೆತನದ ಅರಸರು ಪೆನುಗೊಂಡೆ, ಚಂದ್ರಗಿರಿ, ವೆಲ್ಲೂರುಗಳಿಂದ ಮುಂದೆಯೂ ಸುಮಾರು ಎಂಬತ್ತು ವರ್ಷಗಳ ಕಾಲ ಆಳಿದರು. ಆದುದರಿಂದ ಅವನತಿ ಎಂಬ ಮಾತನ್ನು ಬಳಸುವವನು, ಅಳಿದುದು ಯಾವುದು, ಉಳಿದುದು ಯಾವುದು ಎಂಬುದನ್ನು ಮೊದಲು ಬೇರ್ಪಡಿಸಬೇಕಾಗುತ್ತದೆ.

ಈ ಎಚ್ಚರಿಕೆಯನ್ನು ನಮ್ಮ ಕಾಲದ ಒಂದು ಚಿಕ್ಕ ಸಂಸ್ಥೆಗೆ ಅನ್ವಯಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ನಮ್ಮ ನಗರಗಳಲ್ಲಿ ವಿಡಿಯೋ ಗೇಮ್ ಪಾರ್ಲರ್ ಎಂದೂ, ಅಮೆರಿಕದಲ್ಲಿ ಆರ್ಕೇಡ್ ಎಂದೂ, ಜಪಾನಿನಲ್ಲಿ ಗೇಮ್ ಸೆಂಟರ್ ಎಂದೂ ಕರೆಯಲ್ಪಡುವ, ನಾಣ್ಯ ಹಾಕಿ ಆಡುವ ಯಂತ್ರಗಳ ಅಂಗಡಿಗಳನ್ನು ಇಲ್ಲಿ ಅನುಕೂಲಕ್ಕಾಗಿ ಕ್ರೀಡಾಗೃಹಗಳೆಂದು ಕರೆದಿದೆ. ವಿಷಯವು ಸಂಶೋಧನೆಗೆ ತೀರ ಹಗುರವಾದುದೆಂದು ಕೆಲವರಿಗೆ ತೋರಬಹುದು. ಆದರೆ ಕಾಫಿಯ ಅಂಗಡಿಗಳಿಗೂ ನಾಟಕಶಾಲೆಗಳಿಗೂ ಇತಿಹಾಸವನ್ನು ಬರೆದಿರುವಾಗ, ಹಲವು ದೇಶಗಳ ನಗರಗಳಲ್ಲಿ ತರುಣರು ಸಂಜೆಯ ಹೊತ್ತನ್ನು ಕಳೆದ, ಶಾಸನಸಭೆಗಳೂ ನ್ಯಾಯಾಲಯಗಳೂ ಮತ್ತೆ ಮತ್ತೆ ಗಮನಿಸಿದ ಒಂದು ಸ್ಥಳಕ್ಕೆ ಇತಿಹಾಸವಿರಬಾರದೆಂಬುದಕ್ಕೆ ಕಾರಣವಿಲ್ಲ. ಜಪಾನನ್ನೇ ಆರಿಸಿಕೊಂಡುದಕ್ಕೆ ಕಾರಣಗಳು ಎರಡು. ಇತರ ದೇಶಗಳಲ್ಲಿ ಈ ಸಂಸ್ಥೆಯು ಕುಗ್ಗಿದ ಮೇಲೂ ಅಲ್ಲಿ ಅದು ದೀರ್ಘಕಾಲ ಬಾಳಿತು. ಅಲ್ಲದೆ, ಅಲ್ಲಿಯ ಪೊಲೀಸು ಇಲಾಖೆಯು ಇಂತಹ ಅಂಗಡಿಗಳನ್ನು ಎಣಿಸುತ್ತ ಬಂದುದರಿಂದ ಅವುಗಳ ಏಳುಬೀಳುಗಳನ್ನು ಅಂಕಿಗಳ ಆಧಾರದಿಂದ ವಿವೇಚಿಸುವುದು ಸಾಧ್ಯವಾಗಿದೆ.

2

ನಾಣ್ಯ ಹಾಕಿ ವಿನೋದವನ್ನು ಕೊಳ್ಳುವ ಪದ್ಧತಿಯು ವಿಡಿಯೋ ಆಟಗಳಿಗಿಂತ ಬಹಳ ಹಳೆಯದು. 1894ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯಲ್ಲಿ ಎಡಿಸನ್ನನ ಕೈನೆಟೋಸ್ಕೋಪ್ ಯಂತ್ರಗಳ ಅಂಗಡಿಯೊಂದು ತೆರೆಯಿತು. ಯಂತ್ರದ ಕಿಂಡಿಯಲ್ಲಿ ಇಣಿಕಿ ಚಲಿಸುವ ಚಿತ್ರವನ್ನು ನೋಡಲು ಜನ ಅಲ್ಲಿ ಸಾಲುಗಟ್ಟಿದರು. ಇದರ ಮುಂದಿನ ಪೀಳಿಗೆಯಾದ ಕಾಸಿನ ಯಂತ್ರಗಳ ಅಂಗಡಿಗಳು ಅಮೆರಿಕದ ನಗರಗಳಲ್ಲೆಲ್ಲ ಹರಡಿದುವು. ಇವುಗಳಲ್ಲಿ ಬಹು ಜನಪ್ರಿಯವಾದ ಪಿನ್‌ಬಾಲ್ ಆಟವನ್ನು ಜೂಜೆಂದು ಭಾವಿಸಿ ನ್ಯೂಯಾರ್ಕ್ ನಗರವು ಮೇಯರ್ ಲಾ ಗಾರ್ಡಿಯಾನ ಕಾಲದಲ್ಲಿ, 1942ರಲ್ಲಿ, ನಿಷೇಧಿಸಿತು. ಈ ನಿಷೇಧವು 1976ರವರೆಗೂ ಜಾರಿಯಲ್ಲಿದ್ದಿತು. ನಾಣ್ಯಯಂತ್ರವನ್ನು ಜೂಜಿನೊಡನೆಯೂ, ಅದರ ಮುಂದೆ ನಿಂತ ಹುಡುಗನನ್ನು ಪೋಲಿತನದೊಡನೆಯೂ ಸೇರಿಸಿ ನೋಡುವ ದೃಷ್ಟಿಯು ವಿಡಿಯೋ ಆಟಗಳು ಹುಟ್ಟುವ ಮುಂಚೆಯೇ ಬೇರೂರಿದ್ದಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಜಪಾನಿನಲ್ಲಿ ಈ ವಿನೋದವು ಬೇರೊಂದು ಬಾಗಿಲಿನಿಂದ ಪ್ರವೇಶಿಸಿತು. ಟೋಕಿಯೋ ನಗರದ ಅಸಾಕುಸಾ ಪ್ರದೇಶದಲ್ಲಿ 1931ರಲ್ಲಿ ಪ್ರಾರಂಭವಾದ ಮತ್ಸುಯಾ ಮಳಿಗೆಯು ತನ್ನ ಮಾಳಿಗೆಯ ಮೇಲೆ ನಾಣ್ಯಯಂತ್ರಗಳಿದ್ದ ಕ್ರೀಡಾಸ್ಥಳವೊಂದನ್ನು ಏರ್ಪಡಿಸಿತು. ಬಟ್ಟೆಬರೆ ಕೊಳ್ಳಲು ಬಂದ ಸಂಸಾರಗಳು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದುವು. ಯುದ್ಧಾನಂತರ 1955ರಲ್ಲಿ ನಕಾಮುರಾ ಮಸಾಯಾ ಎಂಬುವರು ಯೊಕೊಹಾಮಾದ ಒಂದು ಮಳಿಗೆಯ ಮಾಳಿಗೆಯ ಮೇಲೆ ಎರಡು ಯಾಂತ್ರಿಕ ಕುದುರೆಗಳನ್ನಿಟ್ಟು ವ್ಯಾಪಾರವನ್ನು ಪ್ರಾರಂಭಿಸಿದರು. ಮುಂದೆ ನಾಮ್ಕೋ ಎಂದು ಪ್ರಸಿದ್ಧವಾದ ಸಂಸ್ಥೆಯ ಮೂಲ ಇದು. 1953ರಲ್ಲಿ ಸ್ಥಾಪಿತವಾದ ಟೈಟೋ ಸಂಸ್ಥೆಯೂ, ಸೆಗಾ ಸಂಸ್ಥೆಯೂ ಹಾಡಿನ ಪೆಟ್ಟಿಗೆ ಮೊದಲಾದ ನಾಣ್ಯಯಂತ್ರಗಳ ವ್ಯಾಪಾರದಿಂದಲೇ ಮೇಲೆ ಬಂದುವು. ಹೀಗೆ ಜಪಾನಿನ ಮೂರು ಪ್ರಮುಖ ಸಂಸ್ಥೆಗಳು ವಿಡಿಯೋ ಆಟವನ್ನು ತಯಾರಿಸುವ ಮೊದಲೇ ನಾಣ್ಯದ ಲೆಕ್ಕಾಚಾರವನ್ನು ಚೆನ್ನಾಗಿ ಬಲ್ಲವಾಗಿದ್ದುವು. ಮುಂದಿನ ಬೆಳವಣಿಗೆಯನ್ನು ತಿಳಿಯಲು ಈ ಅಂಶವು ಮುಖ್ಯ.

ವಿದ್ಯುನ್ಮಾನದ ಪರದೆಯ ಮೇಲೆ ಆಡುವ ನಾಣ್ಯಯಂತ್ರವು ಹುಟ್ಟಿದುದು ಅಮೆರಿಕದಲ್ಲಿ. 1971ರಲ್ಲಿ ಬುಶ್ನೆಲ್ ಮತ್ತು ಡ್ಯಾಬ್ನಿ ಎಂಬುವರು ರೂಪಿಸಿದ ಕಂಪ್ಯೂಟರ್ ಸ್ಪೇಸ್, 1972ರಲ್ಲಿ ಅವರದೇ ಅಟಾರಿ ಸಂಸ್ಥೆಯು ಹೊರತಂದ ಪಾಂಗ್, ಇವು ಮೊದಲ ಹೆಜ್ಜೆಗಳು. ಆರು ವರ್ಷಗಳ ತರುವಾಯ, 1978ರಲ್ಲಿ, ಟೈಟೋ ಸಂಸ್ಥೆಯ ನಿಶಿಕಾಡೋ ತೊಮೊಹಿರೋ ರಚಿಸಿದ ಸ್ಪೇಸ್ ಇನ್‌ವೇಡರ್ಸ್ ಎಂಬ ಆಟದೊಡನೆ ಈ ಉದ್ಯಮದ ನಾಯಕತ್ವವು ಜಪಾನಿಗೆ ಬಂದಿತೆನ್ನಬಹುದು. ಕಾಫಿ ಅಂಗಡಿಗಳ ಮೇಜಿನಲ್ಲಿಯೇ ಪರದೆಯನ್ನು ಹುದುಗಿಸಿದ ಯಂತ್ರಗಳು ಊರೂರಿಗೆ ಹಬ್ಬಿದುವು. ಬೇರೇನನ್ನೂ ಇಟ್ಟುಕೊಳ್ಳದೆ ಈ ಒಂದು ಆಟವನ್ನೇ ಸಾಲುಸಾಲಾಗಿ ಇಟ್ಟ ಅಂಗಡಿಗಳು ಕೂಡ ತೆರೆದುವು. ಇವುಗಳಿಗೆ ಇನ್‌ವೇಡರ್ ಮನೆಗಳೆಂದೇ ಹೆಸರಾಯಿತು.

ಈ ಆಟದ ದೆಸೆಯಿಂದ ಜಪಾನಿನಲ್ಲಿ 100 ಯೆನ್ ನಾಣ್ಯಗಳ ಅಭಾವವುಂಟಾಗಿ ಸರ್ಕಾರವು ಹೆಚ್ಚು ನಾಣ್ಯಗಳನ್ನು ಟಂಕಿಸಬೇಕಾಯಿತೆಂಬ ಕಥೆಯೊಂದು ಅನೇಕ ಪುಸ್ತಕಗಳಲ್ಲಿ ಕಂಡುಬರುತ್ತದೆ. ಟಂಕಸಾಲೆಯ ಅಂಕಿಗಳು ಇದನ್ನು ಸಮರ್ಥಿಸುವುದಿಲ್ಲ. 1978 ಮತ್ತು 1979ರಲ್ಲಿ ತಯಾರಾದ 100 ಯೆನ್ ನಾಣ್ಯಗಳ ಸಂಖ್ಯೆಯು 1977ರದಕ್ಕಿಂತಲೂ 1980ರದಕ್ಕಿಂತಲೂ ಕಡಿಮೆಯೇ ಆಗಿದೆ. ಕಥೆಯು ಐತಿಹ್ಯವೆನ್ನದೆ ವಿಧಿಯಿಲ್ಲ. ಆದರೆ ಐತಿಹ್ಯಗಳೂ ಒಂದು ಬಗೆಯ ಸಾಕ್ಷ್ಯವೇ. ಈ ಸಂಸ್ಥೆಯ ಜೀವಾಳವು ಯಂತ್ರದಲ್ಲಿ ಎಷ್ಟೋ ಅಷ್ಟೇ ನಾಣ್ಯದಲ್ಲಿಯೂ ಇದ್ದಿತೆಂಬುದನ್ನು ಜನರು ತಮ್ಮದೇ ರೀತಿಯಲ್ಲಿ ಗುರುತಿಸಿದ್ದರು.

3

ನಾಣ್ಯದ ಲೆಕ್ಕಾಚಾರವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅವಶ್ಯಕ. ಕ್ರೀಡಾಗೃಹದ ಒಡೆಯನು ಮಾರುತ್ತಿದ್ದುದು ಸಾಮಾನನ್ನಲ್ಲ, ಯಂತ್ರದ ಮುಂದೆ ಕಳೆಯುವ ಕೆಲವು ನಿಮಿಷಗಳನ್ನು. ಬೆಲೆಯು ಒಂದು ನಾಣ್ಯವೆಂದು ಗೊತ್ತಾಗಿದ್ದುದರಿಂದ ಅವನ ಸಂಪಾದನೆಯು ಒಂದು ಗಂಟೆಯಲ್ಲಿ ಎಷ್ಟು ನಾಣ್ಯಗಳು ಬಿದ್ದುವೆಂಬುದನ್ನೇ ಅವಲಂಬಿಸಿದ್ದಿತು. ಆಟವು ಕೆಲವೇ ನಿಮಿಷಗಳಲ್ಲಿ ಮುಗಿಯುವಷ್ಟು ಕಠಿನವಾಗಿರಬೇಕು. ಆದರೆ ಸೋತವನು ಬೇಸತ್ತು ಹೊರಟುಹೋಗುವಷ್ಟು ಕಠಿನವಾಗಿರಬಾರದು. ಈ ಎರಡರ ನಡುವಣ ಇಕ್ಕಟ್ಟಿನಲ್ಲಿಯೇ ಆ ಕಾಲದ ಆಟಗಳ ಸ್ವರೂಪವು ನಿರ್ಧಾರವಾಯಿತು. ಒಬ್ಬ ನಿಪುಣನು ಒಂದೇ ನಾಣ್ಯಕ್ಕೆ ಒಂದು ಗಂಟೆ ಆಡಿದರೆ ಪ್ರೇಕ್ಷಕರಿಗೆ ಹಬ್ಬ, ಒಡೆಯನಿಗೆ ನಷ್ಟ. 1991ರಲ್ಲಿ ಕ್ಯಾಪ್ಕಾಮ್ ಸಂಸ್ಥೆಯು ಹೊರತಂದ ಸ್ಟ್ರೀಟ್ ಫೈಟರ್ 2 ಈ ಸಮಸ್ಯೆಗೆ ಒಂದು ಪರಿಹಾರವನ್ನು ಒದಗಿಸಿತು. ಅದರಲ್ಲಿ ಇಬ್ಬರು ಎದುರುಬದುರಾಗಿ ಹೋರಾಡುತ್ತಾರೆ. ಇಬ್ಬರೂ ನಾಣ್ಯ ಹಾಕುತ್ತಾರೆ. ಸೋತವನು ಎದ್ದುಹೋಗುತ್ತಾನೆ ಅಥವಾ ಮತ್ತೊಂದು ನಾಣ್ಯವನ್ನು ಹಾಕುತ್ತಾನೆ. ನಿಪುಣನು ಎಷ್ಟು ಹೊತ್ತು ಗೆದ್ದರೂ ಅವನ ಎದುರಾಳಿಗಳ ನಾಣ್ಯಗಳು ಬೀಳುತ್ತಲೇ ಇರುತ್ತವೆ. ಅಪರಿಚಿತರು ಪರಸ್ಪರ ಸ್ಪರ್ಧಿಸುವ ಗರಡಿಮನೆಯ ಲಕ್ಷಣವೊಂದು ಕ್ರೀಡಾಗೃಹಕ್ಕೆ ಹೀಗೆ ಬಂದಿತು.

ರಾಜ್ಯಶಕ್ತಿಯು ಈ ಸ್ಥಳಗಳನ್ನು ಹೇಗೆ ಕಂಡಿತೆಂಬುದನ್ನೂ ಗಮನಿಸಬೇಕು. ಫಿಲಿಪ್ಪೀನ್ಸಿನಲ್ಲಿ ಅಧ್ಯಕ್ಷ ಮಾರ್ಕೋಸ್ 1981ರಲ್ಲಿ ವಿಡಿಯೋ ಆಟದ ಯಂತ್ರಗಳನ್ನೇ ನಿಷೇಧಿಸಿದನು. ಟೆಕ್ಸಸ್ ಪ್ರಾಂತದ ಮೆಸ್ಕೀಟ್ ನಗರವು 17 ವರ್ಷಕ್ಕೆ ಕಡಿಮೆ ವಯಸ್ಸಿನವರನ್ನು ತಂದೆತಾಯಿಗಳ ಅಥವಾ ಪೋಷಕರ ಜೊತೆಯಿಲ್ಲದೆ ಒಳಗೆ ಬಿಡಬಾರದೆಂದು ಮಾಡಿದ ಕಟ್ಟಳೆಯ ವ್ಯಾಜ್ಯವು 1982ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಮ್ಯಾಸಚೂಸೆಟ್ಸಿನ ಮಾರ್ಷ್‌ಫೀಲ್ಡ್ ಪಟ್ಟಣದವರು ಅದೇ 1982ರಲ್ಲಿ ವಿಧಿಸಿದ ನಿಷೇಧವನ್ನು ತೆಗೆದುಹಾಕಿದುದು 2014ರಲ್ಲಿ. ಅಷ್ಟು ಹೊತ್ತಿಗೆ ನಿಷೇಧಕ್ಕೆ ಒಳಗಾಗತಕ್ಕ ಅಂಗಡಿಗಳೇ ಅಪರೂಪವಾಗಿದ್ದುವು. ಜಪಾನು ನಿಷೇಧದ ಮಾರ್ಗವನ್ನು ಹಿಡಿಯಲಿಲ್ಲ. ಮನರಂಜನೆಯ ವ್ಯಾಪಾರಗಳನ್ನು ಕುರಿತ ಕಾನೂನನ್ನು 1984ರಲ್ಲಿ ತಿದ್ದಿ, 1985ರ ಫೆಬ್ರವರಿಯಿಂದ ಕ್ರೀಡಾಗೃಹಗಳನ್ನು ಪರವಾನಗಿಗೆ ಒಳಪಡಿಸಿತು. ನಡುರಾತ್ರಿಯ ಬಳಿಕ ಅಂಗಡಿಯನ್ನು ಮುಚ್ಚಬೇಕಾಯಿತು. ಸಂಜೆಯ ಹೊತ್ತಿನಲ್ಲಿ ಬಾಲಕರ ಪ್ರವೇಶಕ್ಕೆ ಮಿತಿಗಳು ಬಂದುವು. ಈ ಕಾನೂನು ಅಂಗಡಿಗಳನ್ನು ಬಾಧಿಸಿತೆಂಬುದು ನಿಜ. ಆದರೆ ನಮ್ಮ ದೃಷ್ಟಿಯಿಂದ ಅದರ ಇನ್ನೊಂದು ಪರಿಣಾಮವು ಹೆಚ್ಚು ಮುಖ್ಯ: ಪರವಾನಗಿ ಬಂದುದರಿಂದ ಎಣಿಕೆಯೂ ಬಂದಿತು.

4

ಪೊಲೀಸು ಇಲಾಖೆಯ ಎಣಿಕೆಯಂತೆ 1986ರಲ್ಲಿ ಜಪಾನಿನಲ್ಲಿ ಸುಮಾರು 26,000 ಕ್ರೀಡಾಗೃಹಗಳಿದ್ದುವು. 2019ರಲ್ಲಿ ಉಳಿದವು ಸುಮಾರು 4,000. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಮೂವತ್ತಮೂರು ವರ್ಷಗಳಲ್ಲಿ ಆರರಲ್ಲಿ ಐದು ಪಾಲು ನಾಶವಾಯಿತೆಂದೂ, ಮನೆಯಲ್ಲಿ ಆಡುವ ಯಂತ್ರಗಳೇ ಇದಕ್ಕೆ ಕಾರಣವೆಂದೂ ಹೇಳಿಬಿಡುವುದು ರೂಢಿಯಾಗಿದೆ.

ಈ ನಿರ್ಣಯವನ್ನು ಎರಡು ಕಾರಣಗಳಿಂದ ಒಪ್ಪುವಂತಿಲ್ಲ. ಮೊದಲನೆಯದಾಗಿ, 1986ನೆಯ ಇಸವಿಯು ಶಿಖರವೆನಿಸಿದುದು ಎಣಿಕೆಯ ಪ್ರಾರಂಭದಲ್ಲಿಯೇ ಅದು ಬಂದುದರಿಂದ. ಅದಕ್ಕೆ ಹಿಂದಿನ ಇನ್‌ವೇಡರ್ ಮನೆಗಳೂ, ಯಂತ್ರವಿದ್ದ ಕಾಫಿ ಅಂಗಡಿಗಳೂ ಆ ಲೆಕ್ಕಕ್ಕೆ ಸೇರಿದುವಲ್ಲ. ದಾಖಲೆಯ ಪ್ರಾರಂಭವನ್ನು ಘಟನೆಯ ಪ್ರಾರಂಭವೆಂದು ಭಾವಿಸಬಾರದೆಂಬುದು ನಮ್ಮ ಶಾಸ್ತ್ರದ ಮೊದಲ ಪಾಠಗಳಲ್ಲೊಂದು.

ಎರಡನೆಯ ಕಾರಣವು ಇನ್ನೂ ಗುರುತರವಾದುದು. ಉದ್ಯಮದ ಸಂಘದವರ ಸಮೀಕ್ಷೆಯ ಪ್ರಕಾರ ಕ್ರೀಡಾಗೃಹಗಳ ಒಟ್ಟು ವರಮಾನವು ಶಿಖರವನ್ನು ಮುಟ್ಟಿದುದು 1986ರ ಸುಮಾರಿನಲ್ಲಲ್ಲ, 2006ರ ಸುಮಾರಿನಲ್ಲಿ. ಆಗ ಅದು ಸುಮಾರು 70,000 ಕೋಟಿ ಯೆನ್ನುಗಳಷ್ಟಿದ್ದಿತು. 2014ರ ವೇಳೆಗೆ ಇದು ಸುಮಾರು 42,000 ಕೋಟಿಗೆ ಇಳಿದು, ಬಳಿಕ ಸ್ವಲ್ಪ ಚೇತರಿಸಿಕೊಂಡಿತು. ಎಂದರೆ, ಅಂಗಡಿಗಳ ಸಂಖ್ಯೆ ಕುಗ್ಗತೊಡಗಿದ ಮೇಲೆ ಇಪ್ಪತ್ತು ವರ್ಷಗಳ ತರುವಾಯ ವ್ಯಾಪಾರವು ತನ್ನ ಉಚ್ಛ್ರಾಯವನ್ನು ಕಂಡಿತು. ಇಲ್ಲಿ ಒಂದಲ್ಲ, ಎರಡು ಅವನತಿಗಳಿವೆ. ಮೊದಲು ಕುಗ್ಗಿದುದು ಅಂಗಡಿಗಳು. ಬಹಳ ಕಾಲದ ಮೇಲೆ ಕುಗ್ಗಿದುದು ವ್ಯಾಪಾರ. ಇವೆರಡನ್ನೂ ಒಂದೇ ಕಾರಣದಿಂದ ವಿವರಿಸಲು ಹೊರಡುವುದು ಸರಿಯಲ್ಲ.

5

ಮೊದಲನೆಯ ಅವನತಿಯನ್ನು ನೋಡೋಣ. ನಿಂಟೆಂಡೋ ಸಂಸ್ಥೆಯು ಮನೆಯಲ್ಲಿ ಆಡುವ ಫ್ಯಾಮಿಕಾಮ್ ಯಂತ್ರವನ್ನು 1983ರ ಜುಲೈನಲ್ಲಿ ಮಾರಾಟಕ್ಕೆ ತಂದಿತು. ಆ ಯಂತ್ರವು ಸಣ್ಣ ಅಂಗಡಿಗಳ ಗಿರಾಕಿಗಳಲ್ಲಿ ಒಂದು ಭಾಗವನ್ನು ಸೆಳೆದುಕೊಂಡಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ಕಾಲದಲ್ಲಿ ಕ್ರೀಡಾಗೃಹದ ಒಳಗೇ ಒಂದು ಬದಲಾವಣೆ ನಡೆದಿದ್ದಿತು. 1985ರಲ್ಲಿ ಸೆಗಾ ಸಂಸ್ಥೆಯು ಹ್ಯಾಂಗ್-ಆನ್ ಎಂಬ ಆಟವನ್ನು ಹೊರತಂದಿತು. ಅದರಲ್ಲಿ ಆಟಗಾರನು ಮೋಟಾರ್ ಸೈಕಲ್ಲಿನ ಆಕಾರದ ಯಂತ್ರವನ್ನೇರಿ ಮೈ ಬಾಗಿಸಿ ಆಡಬೇಕು. 1986ರ ಔಟ್ ರನ್ ಕಾರಿನ ಆಸನವನ್ನು ಒದಗಿಸಿತು. 1990ರ ಆರ್-360 ಆಟಗಾರನನ್ನು ತಲೆಕೆಳಗಾಗಿ ತಿರುಗಿಸುವ ಗೋಳವೇ ಆಗಿದ್ದಿತು. ಮನೆಯಲ್ಲಿ ದೊರೆಯದ ಅನುಭವವನ್ನು ಕೊಡಬೇಕೆಂಬುದು ಇವುಗಳ ಹಿಂದಿನ ಆಲೋಚನೆ. ಆದರೆ ಇಂತಹ ಯಂತ್ರಕ್ಕೆ ಹೆಚ್ಚು ಬಂಡವಾಳವೂ ಹೆಚ್ಚು ಜಾಗವೂ ಬೇಕು. ಓಣಿಯ ಅಂಗಡಿಕಾರನಿಗೆ ಇವೆರಡೂ ಇರಲಿಲ್ಲ. ಯಂತ್ರಗಳನ್ನು ತಯಾರಿಸುವ ಸೆಗಾ, ನಾಮ್ಕೋ, ಟೈಟೋ ಸಂಸ್ಥೆಗಳು ತಮ್ಮವೇ ಆದ ದೊಡ್ಡ ಕ್ರೀಡಾಗೃಹಗಳನ್ನು ನಡೆಸುತ್ತಿದ್ದುವು. ಹೀಗೆ ಮನೆಯ ಯಂತ್ರದೊಡನೆ ಸ್ಪರ್ಧಿಸಲು ಉದ್ಯಮವು ಹಿಡಿದ ಮಾರ್ಗವೇ ತನ್ನ ಚಿಕ್ಕ ಅಂಗಡಿಗಳನ್ನು ಹಿಂದೆ ಬಿಟ್ಟಿತು. ಸಣ್ಣವು ಮುಚ್ಚಿ ದೊಡ್ಡವು ಬೆಳೆದುದರಿಂದಲೇ ಸಂಖ್ಯೆ ಇಳಿದರೂ ವರಮಾನ ಏರಿತು.

ಅದೇ ದೊಡ್ಡ ಅಂಗಡಿಗಳಿಗೆ ಹೊಸ ಗಿರಾಕಿಗಳೂ ಬಂದರು. ಗಾಜಿನ ಪೆಟ್ಟಿಗೆಯೊಳಗಿನ ಬೊಂಬೆಯನ್ನು ಯಂತ್ರದ ಕೈಯಿಂದ ಎತ್ತುವ ಸೆಗಾ ಸಂಸ್ಥೆಯ ಯುಎಫ್‌ಓ ಕ್ಯಾಚರ್ 1985ರಲ್ಲಿ ಬಂದಿತು. ಗೆಳತಿಯರು ಒಟ್ಟಿಗೆ ನಿಂತು ಭಾವಚಿತ್ರವನ್ನು ತೆಗೆಸಿಕೊಂಡು ಅಂಟುಚೀಟಿಗಳಾಗಿ ಪಡೆಯುವ ಪ್ರಿಂಟ್ ಕ್ಲಬ್ ಯಂತ್ರವು 1995ರಲ್ಲಿ ಬಂದಿತು; ಇದು ಶಾಲಾ ಬಾಲಕಿಯರನ್ನು ಗುಂಪುಗುಂಪಾಗಿ ಕರೆತಂದಿತು. 1998ರಲ್ಲಿ ಕೊನಾಮಿ ಸಂಸ್ಥೆಯ ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಶನ್ ಕಾಲಿನಿಂದ ಆಡುವ ಆಟವನ್ನು ಪ್ರಚಾರಕ್ಕೆ ತಂದಿತು. ಹೆಂಗಸರೂ ಸಂತೋಷದಿಂದ ಆಡಬೇಕೆಂಬ ಆಲೋಚನೆಯಿಂದ 1980ರಲ್ಲಿಯೇ ನಾಮ್ಕೋ ಸಂಸ್ಥೆಯ ಇವಾತಾನಿ ತೋರು ಪ್ಯಾಕ್-ಮ್ಯಾನ್ ಆಟವನ್ನು ರಚಿಸಿದ್ದರು. ಅವರ ಉದ್ದೇಶವು ಪೂರ್ಣವಾಗಿ ಕೈಗೂಡಿದುದು ಹದಿನೈದು ವರ್ಷಗಳ ಮೇಲೆ, ಬೇರೆ ಯಂತ್ರಗಳ ಮೂಲಕ ಎಂದರೆ ತಪ್ಪಾಗಲಾರದು.

ಈಗ ಎರಡನೆಯ ಅವನತಿ. ಇದಕ್ಕೆ ಮುಖ್ಯವಾದ ಕಾರಣಗಳು ಎರಡು. ಒಂದು, ಯಂತ್ರದ ಮೇಲ್ಮೆಯು ಅಳಿಯಿತು. 1980ರ ಸುಮಾರಿನಲ್ಲಿ ಮನೆಯ ಯಂತ್ರವು ಕ್ರೀಡಾಗೃಹದ ಆಟದ ಒಂದು ಮಸುಕಾದ ಪ್ರತಿಯನ್ನು ಮಾತ್ರ ಕೊಡಬಲ್ಲುದಾಗಿದ್ದಿತು. 1994ರ ಡಿಸೆಂಬರಿನಲ್ಲಿ ಸೋನಿ ಸಂಸ್ಥೆಯು ಪ್ಲೇಸ್ಟೇಶನ್ ಯಂತ್ರವನ್ನು ಹೊರತಂದಿತು. ಅದೇ ವರ್ಷ ನಾಮ್ಕೋ ಸಂಸ್ಥೆಯು ಕ್ರೀಡಾಗೃಹಗಳಿಗೆ ಕೊಟ್ಟ ಟೆಕ್ಕನ್ ಆಟವು ಆ ಮನೆಯ ಯಂತ್ರದ ತಂತ್ರವನ್ನೇ ಆಧಾರವಾಗಿ ಮಾಡಿಕೊಂಡ ಸರ್ಕ್ಯೂಟ್ ಬೋರ್ಡಿನ ಮೇಲೆ ನಡೆಯುತ್ತಿದ್ದಿತು. ಮರುವರ್ಷ ಅದೇ ಆಟವು ಮನೆಗೆ ಬಂದಿತು. ಅದುವರೆಗೆ ಮನೆಯು ಅಂಗಡಿಯನ್ನು ಅನುಕರಿಸುತ್ತಿದ್ದಿತು. ಈಗ ಅಂಗಡಿಯೇ ಮನೆಯ ಯಂತ್ರವನ್ನು ಬಳಸತೊಡಗಿತು. ಅಂತರ್ಜಾಲವು ಹರಡಿದ ಮೇಲೆ ಅಪರಿಚಿತ ಎದುರಾಳಿಯೂ ಮನೆಯಲ್ಲಿಯೇ ದೊರಕತೊಡಗಿದನು.

ಎರಡನೆಯ ಕಾರಣವನ್ನು ಇತಿಹಾಸಕಾರರು ಸಾಕಷ್ಟು ಗಮನಿಸಿದಂತೆ ಕಾಣುವುದಿಲ್ಲ. ಅದು ನಾಣ್ಯವೇ. 1978ರಲ್ಲಿ ಸ್ಪೇಸ್ ಇನ್‌ವೇಡರ್ಸ್ ಆಟಕ್ಕೆ ಒಂದು ಸಲಕ್ಕೆ 100 ಯೆನ್. ನಲವತ್ತು ವರ್ಷಗಳ ಮೇಲೆಯೂ ಹೆಚ್ಚಿನ ಆಟಗಳಿಗೆ ಅದೇ 100 ಯೆನ್. ಬಾಡಿಗೆ, ಸಂಬಳ, ವಿದ್ಯುಚ್ಛಕ್ತಿ, ಯಂತ್ರಗಳ ಬೆಲೆ ಇವೆಲ್ಲ ಏರಿದರೂ ಆಟದ ಬೆಲೆಯು ಏರಲಿಲ್ಲ, ಏರುವಂತೆಯೂ ಇರಲಿಲ್ಲ. ಕಾಫಿಯ ಬೆಲೆಯನ್ನು ಹತ್ತು ಯೆನ್ ಹೆಚ್ಚಿಸಬಹುದು. ನಾಣ್ಯದ ಕಿಂಡಿಯು 100 ಯೆನ್ ನಾಣ್ಯವೊಂದನ್ನೇ ಗುರುತಿಸುವಾಗ, ಬೆಲೆಯನ್ನು ಹೆಚ್ಚಿಸುವುದೆಂದರೆ ಎರಡು ನಾಣ್ಯ ಕೇಳುವುದು, ಎಂದರೆ ಒಮ್ಮೆಲೇ ಇಮ್ಮಡಿ ಮಾಡುವುದು. 100 ಯೆನ್ನಿಗೆ ಮೇಲಿನ ನಾಣ್ಯವು 1982ರಲ್ಲಿ ಬಂದ 500 ಯೆನ್ನಿನದು. ನಡುವೆ ಯಾವುದೂ ಇಲ್ಲ.

ಇದರ ಮೇಲೆ ತೆರಿಗೆ. ಜಪಾನು 1989ರ ಏಪ್ರಿಲಿನಲ್ಲಿ 3 ಪ್ರತಿಶತ ಬಳಕೆ ತೆರಿಗೆಯನ್ನು ವಿಧಿಸಿತು. ಅದು 1997ರಲ್ಲಿ 5, 2014ರಲ್ಲಿ 8, 2019ರ ಅಕ್ಟೋಬರಿನಲ್ಲಿ 10 ಪ್ರತಿಶತವಾಯಿತು. ಇತರ ವರ್ತಕರು ಈ ತೆರಿಗೆಯನ್ನು ಬೆಲೆಗೆ ಸೇರಿಸಿದರು. ಕ್ರೀಡಾಗೃಹದ ಒಡೆಯನು ಅದನ್ನು ತನ್ನ ನಾಣ್ಯದಿಂದಲೇ ತೆರಬೇಕಾಯಿತು. ಲೆಕ್ಕ ಹಾಕಿದರೆ, ಪೆಟ್ಟಿಗೆಗೆ ಬಿದ್ದ ಪ್ರತಿಯೊಂದು 100 ಯೆನ್ನಿನಲ್ಲಿ ಅವನಿಗೆ ಉಳಿದುದು 1989ರ ಬಳಿಕ ಸುಮಾರು 97, 1997ರ ಬಳಿಕ 95, 2014ರ ಬಳಿಕ 92.6, 2019ರ ಬಳಿಕ 90.9 ಯೆನ್. ಯಾವ ನಾಣ್ಯವು ಈ ಸಂಸ್ಥೆಯನ್ನು ಎಲ್ಲರ ಕೈಗೆ ಎಟುಕುವಂತೆ ಮಾಡಿದ್ದಿತೋ ಅದೇ ನಾಣ್ಯವು ಕಾಲಕ್ರಮದಲ್ಲಿ ಅದರ ಕುತ್ತಿಗೆಗೆ ಉರುಲಾಯಿತು.

2020ರ ಸಾಂಕ್ರಾಮಿಕವು ಈ ದುರ್ಬಲವಾದ ದೇಹದ ಮೇಲೆ ಬಿದ್ದ ಪೆಟ್ಟು. ಆ ವರ್ಷದ ಏಪ್ರಿಲಿನಲ್ಲಿ ತುರ್ತು ಪರಿಸ್ಥಿತಿಯ ಘೋಷಣೆಯಾದಾಗ ಕ್ರೀಡಾಗೃಹಗಳು ಬಾಗಿಲು ಹಾಕಿದುವು. ಆಗಸ್ಟಿನಲ್ಲಿ ಟೋಕಿಯೋದ ಅಕಿಹಬರಾ ಪ್ರದೇಶದಲ್ಲಿ ಸೆಗಾ ಸಂಸ್ಥೆಯ ಪ್ರಸಿದ್ಧ ಕಟ್ಟಡವೊಂದು ಮುಚ್ಚಿತು. ವರ್ಷದ ಕೊನೆಗೆ ಆ ಸಂಸ್ಥೆಯು ತನ್ನ ಕ್ರೀಡಾಗೃಹಗಳ ಅಂಗಸಂಸ್ಥೆಯ 85.1 ಪ್ರತಿಶತ ಷೇರುಗಳನ್ನು ಜೆಂಡಾ ಎಂಬ ಸಂಸ್ಥೆಗೆ ಮಾರಿತು. ಉಳಿದುದನ್ನು 2022ರ ಜನವರಿಯಲ್ಲಿ ಬಿಟ್ಟುಕೊಟ್ಟಿತು. ಅಂಗಡಿಗಳ ಮುಂದಿನ ಸೆಗಾ ಫಲಕಗಳು ಇಳಿದು ಗಿಗೋ ಎಂಬ ಹೆಸರು ಬಂದಿತು. ಆದರೂ ಇದನ್ನು ಕಾರಣವೆನ್ನದೆ ಸಂದರ್ಭವೆನ್ನುವುದೇ ಹೆಚ್ಚು ಸರಿ.

6

ಹಾಗಾದರೆ ಉಳಿದುದು ಯಾವುದು? ಇಂದು ಮೂರು ಬಗೆಯ ಉತ್ತರಾಧಿಕಾರಿಗಳು ಕಂಡುಬರುತ್ತಾರೆ.

ಮೊದಲನೆಯದು ಬಹುಮಾನದ ವ್ಯಾಪಾರ. ಸಾಂಕ್ರಾಮಿಕಕ್ಕೆ ಮುಂಚೆಯೇ ಜಪಾನಿನ ಕ್ರೀಡಾಗೃಹಗಳ ವರಮಾನದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಬೊಂಬೆ ಎತ್ತುವ ಕ್ರೇನ್ ಯಂತ್ರಗಳಿಂದ ಬರುತ್ತಿದ್ದಿತು. ಬಹುಮಾನದ ಬೆಲೆಗೆ ಪೊಲೀಸು ಇಲಾಖೆಯು ಇಟ್ಟಿದ್ದ ಸುಮಾರು 800 ಯೆನ್ನುಗಳ ಮಿತಿಯು 2022ರಲ್ಲಿ ಸುಮಾರು 1,000 ಯೆನ್ನುಗಳಿಗೆ ಏರಿತು. ಈ ವ್ಯಾಪಾರವು ನಾಣ್ಯದ ಸಮಸ್ಯೆಯನ್ನು ಉಪಾಯವಾಗಿ ದಾಟಿದೆ. ಇಲ್ಲಿ ಗಿರಾಕಿಯು ಕೊಳ್ಳುವುದು ನಿಮಿಷಗಳನ್ನಲ್ಲ, ಬೊಂಬೆಯ ಆಸೆಯನ್ನು. ಒಂದು ಬೊಂಬೆಗೆ ಎಷ್ಟು ನಾಣ್ಯ ಬೀಳಬೇಕೆಂಬುದನ್ನು ಒಡೆಯನು ಯಂತ್ರದ ಹಿಡಿತವನ್ನು ಸಡಿಲಿಸಿ ಬಿಗಿಮಾಡಿ ಹೊಂದಿಸಬಲ್ಲನು. ಆದರೆ ಇದು ಹಳೆಯ ಸಂಸ್ಥೆಯ ಮುಂದುವರಿಕೆಯೆಂದು ಹೇಳುವುದು ಕಷ್ಟ. ನಾಣ್ಯ ಹಾಕಿ ನೈಪುಣ್ಯವನ್ನು ತೋರಿಸುವವನ ಸ್ಥಾನಕ್ಕೆ ನಾಣ್ಯ ಹಾಕಿ ಸಾಮಾನನ್ನು ಪಡೆಯುವವನು ಬಂದಿದ್ದಾನೆ. ಹಣವು ನಾಣ್ಯದ ರೂಪವನ್ನು ಬಿಟ್ಟು ಕಾರ್ಡಿನ ರೂಪವನ್ನು ತಾಳಿದಂತೆ ಬೆಲೆಯನ್ನು ಸ್ವಲ್ಪಸ್ವಲ್ಪವಾಗಿ ಏರಿಸುವುದೂ ಸಾಧ್ಯವಾಗುತ್ತದೆ. ಆಗ ಕಾರ್ಮಿಕನಿಗೂ ವಿದ್ಯಾರ್ಥಿಗೂ ಒಂದೇ ಆಗಿದ್ದ ಆ ನಾಣ್ಯದ ಸಮತೆಯೂ ಮರೆಯಾಗುತ್ತದೆ.

ಎರಡನೆಯದು ಕೂಟದ ಮನೆ. ಟೋಕಿಯೋದ ತಕದನೊಬಾಬಾ ಪ್ರದೇಶದ ಮಿಕಾಡೋ ಎಂಬ ಕ್ರೀಡಾಗೃಹವು ಹಳೆಯ ಆಟಗಳನ್ನು ಇಟ್ಟುಕೊಂಡು, ಪಂದ್ಯಗಳನ್ನು ಏರ್ಪಡಿಸುತ್ತ, ಅವುಗಳನ್ನು ದೂರದವರಿಗೂ ತೋರಿಸುತ್ತ ಬಂದಿದೆ. 2020ರಲ್ಲಿ ಸಂಕಷ್ಟ ಬಂದಾಗ ಅದು ಸಾರ್ವಜನಿಕರಿಂದ ಚಂದಾ ಎತ್ತಿ ಉಳಿದುಕೊಂಡಿತು. ಆಟಗಾರರು ಆಗ ಕೊಟ್ಟ ಹಣಕ್ಕೆ ಪ್ರತಿಯಾಗಿ ಯಂತ್ರದ ನಿಮಿಷಗಳನ್ನು ಕೇಳಲಿಲ್ಲ. ಸ್ಥಳವು ಇರಬೇಕೆಂಬುದಷ್ಟೇ ಅವರ ಅಪೇಕ್ಷೆಯಾಗಿದ್ದಿತು. ಅಮೆರಿಕದಲ್ಲಿ 2004ರಲ್ಲಿ ಬ್ರೂಕ್ಲಿನ್ನಿನಲ್ಲಿ ಪ್ರಾರಂಭವಾದ ಬಾರ್ಕೇಡ್‌ನಂತಹ ಪಾನಗೃಹಗಳು ಇದೇ ಮಾತನ್ನು ವ್ಯಾಪಾರದ ರೀತಿಯಲ್ಲಿ ಒಪ್ಪಿವೆ: ಅಲ್ಲಿ ಲಾಭವು ಪಾನೀಯದಿಂದ, ಯಂತ್ರವು ಜನ ಸೇರುವುದಕ್ಕೆ ಒಂದು ನೆಪ.

ಮೂರನೆಯದು ವಸ್ತುಸಂಗ್ರಹಾಲಯ. ಅಮೆರಿಕದ ನ್ಯೂ ಹ್ಯಾಂಪ್‌ಷೈರಿನಲ್ಲಿ, 1952ರಲ್ಲಿ ಸ್ಥಾಪಿತವಾದ ಫನ್‌ಸ್ಪಾಟ್ ಎಂಬ ವಿನೋದಸ್ಥಳದ ಒಂದು ಭಾಗವು ಹಳೆಯ ಯಂತ್ರಗಳ ಸಂಗ್ರಹಾಲಯವಾಗಿದೆ. ಯಂತ್ರಗಳು ಅಲ್ಲಿ ಇನ್ನೂ ಆಡುವ ಸ್ಥಿತಿಯಲ್ಲಿವೆ.

ಈ ಲೇಖಕನ ಅಭಿಪ್ರಾಯದಲ್ಲಿ ಇವುಗಳಲ್ಲಿ ಮೊದಲನೆಯದು ಹೆಚ್ಚು ಕಾಲ ಹಣ ಗಳಿಸಬಹುದು. ಎರಡನೆಯದೇ ನಿಜವಾದ ಉತ್ತರಾಧಿಕಾರಿ. ಏಕೆಂದರೆ ಯಂತ್ರದ ಮೇಲ್ಮೆ ಹೋದ ಮೇಲೆಯೂ, ನಾಣ್ಯದ ಬೆಲೆ ಕುಗ್ಗಿದ ಮೇಲೆಯೂ, ಮನೆಯಲ್ಲಿ ದೊರೆಯದೆ ಉಳಿದುದು ಒಂದೇ: ಅಪರಿಚಿತನ ಹೆಗಲಿಗೆ ಹೆಗಲು ತಾಗುವಂತೆ ನಿಂತು ಅವನ ಆಟವನ್ನು ನೋಡುವ ಅವಕಾಶ. ಇಂತಹ ಮನೆಗಳು ಊರಿಗೆ ನೂರು ಇರಲಾರವು, ದೊಡ್ಡ ನಗರಗಳಲ್ಲಿ ಒಂದೆರಡು ಇದ್ದಾವು. ಕ್ರೀಡಾಗೃಹವು ಬೀದಿಯ ಸಾಮಾನ್ಯ ಅಂಗಡಿಯಾಗಿದ್ದ ಕಾಲವು ಮುಗಿಯಿತು. ಸಂಘದ ರೂಪದಲ್ಲಿ ಅದರ ಮುಂದಿನ ಬಾಳು ನಡೆಯುವಂತೆ ತೋರುತ್ತದೆ.

7

ಕೊನೆಯದಾಗಿ ಆಧಾರಗಳ ಪ್ರಶ್ನೆ. ಈ ಸಂಸ್ಥೆಯ ಇತಿಹಾಸವನ್ನು ಬರೆಯತಕ್ಕವರಿಗೆ ಕಾಲಾವಕಾಶ ಹೆಚ್ಚಿಲ್ಲ. ಕ್ಯಾಪ್ಕಾಮ್ ಸಂಸ್ಥೆಯು 1993ರಿಂದ ಬಳಸಿದ ಒಂದು ಬಗೆಯ ಸರ್ಕ್ಯೂಟ್ ಬೋರ್ಡಿನಲ್ಲಿ, ಕಳ್ಳಪ್ರತಿಗಳನ್ನು ತಡೆಯುವುದಕ್ಕಾಗಿ, ಆಟದ ಗುಪ್ತಲಿಪಿಯ ಕೀಲಿಯನ್ನು ಒಂದು ಚಿಕ್ಕ ಬ್ಯಾಟರಿಯ ಬಲದಿಂದ ಕಾಪಾಡಿದ್ದಿತು. ಬ್ಯಾಟರಿ ತೀರಿದರೆ ಕೀಲಿ ಅಳಿಯುತ್ತದೆ. ಆಟವು ಮತ್ತೆ ತೆರೆಯುವುದಿಲ್ಲ. 2007ರಲ್ಲಿ ಕೆಲವು ಆಸಕ್ತರು ಆ ಗುಪ್ತಲಿಪಿಯನ್ನು ಭೇದಿಸಿದುದರಿಂದ ಈ ಬೋರ್ಡುಗಳಿಗೆ ಮರುಜೀವ ಬಂದಿತು. ಆದರೆ ಯಂತ್ರವು ಉಳಿದರೆ ಸಾಲದು. ಅಂಗಡಿಯ ಲೆಕ್ಕದ ಪುಸ್ತಕ, ಬಾಡಿಗೆಯ ಕರಾರು, ಒಡೆಯನ ನೆನಪು ಇವುಗಳಿಗೆ ಇಂತಹ ರಕ್ಷಕರು ಹುಟ್ಟಿಲ್ಲ.

ನಮ್ಮ ನಾಡಿನಲ್ಲಿಯೂ ಈ ಕೆಲಸಕ್ಕೆ ಅವಕಾಶವಿದೆ. ಬೆಂಗಳೂರು ನಗರದ ಸಾರ್ವಜನಿಕ ವಿನೋದಸ್ಥಳಗಳ ಪರವಾನಗಿಯನ್ನು ಕುರಿತ 1989ರ ಆಜ್ಞೆಯು ವಿಡಿಯೋ ಆಟದ ಅಂಗಡಿಗಳಿಗೂ ಅನ್ವಯಿಸುತ್ತದೆಯೇ ಎಂಬ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಎಂ. ಜೆ. ಶಿವಾನಿ ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯೆಂದು ಹೆಸರಾದ ಇದರಲ್ಲಿ ನ್ಯಾಯಾಲಯವು 1995ರಲ್ಲಿ, ಇಂತಹ ಅಂಗಡಿಗಳನ್ನು ಪರವಾನಗಿಯ ಮೂಲಕ ನಿಯಂತ್ರಿಸುವ ಅಧಿಕಾರವನ್ನು ಎತ್ತಿಹಿಡಿಯಿತು. ಜಪಾನಿನ 1984ರ ಕಾನೂನಿನಲ್ಲಿಯೂ ನ್ಯೂಯಾರ್ಕಿನ 1942ರ ನಿಷೇಧದಲ್ಲಿಯೂ ಕಂಡ ಪ್ರಶ್ನೆಗಳೇ, ಎಂದರೆ ಇದು ಆಟವೋ ಜೂಜೋ, ಬಾಲಕರನ್ನು ಇದರಿಂದ ಹೇಗೆ ಕಾಪಾಡಬೇಕು ಎಂಬುವೇ, ನಮ್ಮಲ್ಲಿಯೂ ಎದ್ದುವೆಂಬುದಕ್ಕೆ ಈ ತೀರ್ಪು ಸಾಕ್ಷಿ. ಪರವಾನಗಿಯಿದ್ದ ಕಡೆ ಕಡತಗಳಿರುತ್ತವೆ. ಕಡತಗಳಿದ್ದ ಕಡೆ ಇತಿಹಾಸಕಾರನಿಗೆ ಕೆಲಸವಿರುತ್ತದೆ.

ಈ ಲೇಖಕನು ಚಿಕ್ಕಂದಿನಲ್ಲಿ ತನ್ನ ಊರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ಒಂದು ಪಾರ್ಲರಿಗೆ ಹೋದುದುಂಟು. ಒಡೆಯರು ರೂಪಾಯಿಯನ್ನು ತೆಗೆದುಕೊಂಡು ಹಿತ್ತಾಳೆಯ ಬಿಲ್ಲೆಯೊಂದನ್ನು ಕೊಡುತ್ತಿದ್ದರು. ಶಾಲೆಯ ಸಮವಸ್ತ್ರದಲ್ಲಿ ಬಂದವರನ್ನು ಗದರಿಸಿ ಹಿಂದಕ್ಕೆ ಕಳುಹಿಸುತ್ತಿದ್ದರು. ಆ ಸ್ಥಳದಲ್ಲಿ ಈಗ ಮೊಬೈಲ್ ಅಂಗಡಿಯಿದೆ. ಕಳೆದ ವರ್ಷ ತರಗತಿಯಲ್ಲಿ ವಿಚಾರಿಸಿದಾಗ ಇಂತಹ ಸ್ಥಳವನ್ನು ಕಂಡಿದ್ದ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು ಮಂದಿ ಮಾತ್ರ. ಆದರೆ ಅನೇಕರ ತಂದೆಯರೂ ಸೋದರಮಾವಂದಿರೂ ಅಲ್ಲಿ ಆಡಿದವರೇ ಎಂಬುದು ಮರುದಿನ ತಿಳಿಯಿತು. ಶಿಲಾಶಾಸನವು ಸಾವಿರ ವರ್ಷ ಕಾದಿರುತ್ತದೆ. ಸೋದರಮಾವನ ನೆನಪು ಕಾದಿರುವುದಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಇಂತಹ ಅಂಗಡಿಗಳನ್ನು ನಡೆಸಿದವರನ್ನೂ ಅಲ್ಲಿ ಆಡಿದವರನ್ನೂ ಕಂಡು, ಬಾಡಿಗೆಯೆಷ್ಟು, ಯಂತ್ರವು ಎಲ್ಲಿಂದ ಬಂದಿತು, ಯಾವ ವರ್ಷ ಏಕೆ ಮುಚ್ಚಿತು ಎಂಬ ಸರಳವಾದ ಪ್ರಶ್ನೆಗಳಿಗೆ ಉತ್ತರಗಳನ್ನು ಬರೆದಿಟ್ಟರೂ ಅದು ಮುಂದಿನ ಸಂಶೋಧಕರಿಗೆ ಮಹದುಪಕಾರವಾದೀತು.

ಮೇಲಿನ ವಿವೇಚನೆಯಿಂದ ತಿಳಿಯುವುದಿಷ್ಟು. ಕ್ರೀಡಾಗೃಹವು ಮನೆಯ ಯಂತ್ರವೊಂದರ ಪೆಟ್ಟಿನಿಂದ ಒಮ್ಮೆಲೇ ಬೀಳಲಿಲ್ಲ. ಮೊದಲು ಅದರ ಚಿಕ್ಕ ಅಂಗಡಿಗಳು ದೊಡ್ಡ ಅಂಗಡಿಗಳ ಮುಂದೆ ನಿಲ್ಲಲಾರದೆ ಹೋದುವು. ಬಳಿಕ ದೊಡ್ಡ ಅಂಗಡಿಗಳು, ಯಂತ್ರದ ಮೇಲ್ಮೆ ಅಳಿದು ನಾಣ್ಯದ ಬೆಲೆ ಕುಗ್ಗಿದುದರಿಂದ, ಬಹುಮಾನದ ಮಳಿಗೆಗಳಾಗಿ ಮಾರ್ಪಟ್ಟುವು. ಜನರು ಒಂದೆಡೆ ಸೇರಿ ಆಡಬೇಕೆಂಬ ಅಪೇಕ್ಷೆಯು ಮಾತ್ರ ಅಳಿದಂತೆ ಕಾಣುವುದಿಲ್ಲ. ರಾಜಧಾನಿಯು ಪಾಳುಬಿದ್ದಿದೆ, ರಾಜ್ಯವು ಚಿಕ್ಕದಾಗಿ, ಬೇರೆ ಊರುಗಳಲ್ಲಿ, ಇನ್ನೂ ಉಳಿದಿದೆ.